ಕಡ್ಡಿ ಕಿತ್ತು ನೋಡಬೇಡ, ತಂಗಿ

ಮಂಜಗುಣಿಯ ಹೊಸ ಮನೆಯ ಅಂಗಳ ಬೋಳಾಗಿದೆ ಅಂತ ನರ್ಸರಿ ಹುಡುಕುತ್ತಿದ್ದೀಯಂತೆ. ಸ್ವಲ್ಪ ತಾಳು ತಂಗಿ. ಗಂಗಾವಳಿ ಸಮುದ್ರ ಸೇರುವ ಜಾಗ ಇದು. ಬೀಸುವ ಗಾಳಿಯಲ್ಲೇ ಉಪ್ಪಿದೆ. ಘಟ್ಟದ ಮೇಲಿಂದ ಬಂದ ಗಿಡ ಇದಕ್ಕೆ ಒಗ್ಗುತ್ತದೆಂದು ನಂಬುವಂತಿಲ್ಲ. ನೆರೆಮನೆಯ ಬೇಲಿಯಲ್ಲಿ ಎಷ್ಟೋ ಮಳೆಗಾಲ ಕಂಡು ಇನ್ನೂ ಹೂ ಬಿಡುತ್ತಿರುವ ದಾಸಾಳ, ನಂದಬಟ್ಟಲು, ಕೇಪಳ ಇವೆಯಲ್ಲ, ಅವುಗಳದ್ದೇ ಕಡ್ಡಿ ಕೇಳಿ ತಾ. ಕಡ್ಡಿಯಿಂದ ಎದ್ದದ್ದು ತಾಯಿಗಿಡವೇ: ಅದೇ ಬಣ್ಣ, ಅದೇ ಗುಣ. ಬೀಜಕ್ಕೆ ಆ ಭರವಸೆಯಿಲ್ಲ. ಡೆಲ್ಲಿ ಅಬ್ಬಲಿಗೆಯಂಥದ್ದಕ್ಕಂತೂ ಬೀಜವೇ ಕಟ್ಟುವುದಿಲ್ಲ, ಕಡ್ಡಿಯೊಂದೇ ದಾರಿ.

ಎಂಥ ಕಡ್ಡಿ ಆರಿಸುತ್ತೀ ಎಂಬುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ದಾಸಾಳದ ತುದಿಯ ಎಳೆ ಹಸಿರು ಜಡಿಮಳೆಗೆ ಕೊಳೆಯುತ್ತದೆ. ಬುಡದ ಬಲಿತ ಕಟ್ಟಿಗೆ ಬೇರು ಬಿಡಲು ಸತಾಯಿಸುತ್ತದೆ. ನಡುವಿನದು ಬೇಕು, ಹಸಿರು ಸಿಪ್ಪೆ ಈಗಷ್ಟೇ ಕಂದಿಗೆ ತಿರುಗುತ್ತಿರುವ, ಪೆನ್ಸಿಲ್ ದಪ್ಪದ ಟೊಂಗೆ. ಉದ್ದ 6ರಿಂದ 8 ಇಂಚು ಸಾಕು. ಗಿಣ್ಣಿನ ಕೆಳಗೆ ಒತ್ತಿಗೇ, ಹರಿತವಾದ ಚೂರಿಯಲ್ಲಿ ಒಂದೇ ಏಟಿಗೆ ಕೊಯ್ಯಿ. ಜಜ್ಜಿದರೆ ಆ ಗಾಯದಿಂದಲೇ ಕೊಳೆ ಶುರು. ಮೊಗ್ಗಿದ್ದರೆ ಚಿವುಟಿಬಿಡು, ಮನಸ್ಸು ಬಾರದಿದ್ದರೂ ಚಿವುಟು. ಮೇಲೆ ಎರಡೇ ಎಲೆ ಇರಲಿ, ಅವನ್ನೂ ಅರ್ಧಕ್ಕೆ ಕತ್ತರಿಸು. ಬೇರಿಲ್ಲದ ಕಡ್ಡಿಗೆ ಅಷ್ಟು ಎಲೆಗೆ ನೀರು ಪೂರೈಸುವ ತ್ರಾಣವಿಲ್ಲ. ಹಾಗಂತ ಪೂರ್ತಿ ಬೋಳಿಸಲೂ ಬೇಡ. ಬೇರು ಹುಟ್ಟಿಸುವ ಆಕ್ಸಿನ್ ಎಂಬ ಚೋದಕ ಎಳೆ ಎಲೆ, ಚಿಗುರುಗಳಲ್ಲಿ ತಯಾರಾಗಿ, ಕೆಳಗಿಳಿದು ಕೊಯ್ದ ಬುಡದಲ್ಲಿ ಸೇರುತ್ತದೆ. ಕಡ್ಡಿಯನ್ನು ತಲೆಕೆಳಗಾಗಿ ಊರಬಾರದು ಅನ್ನುವುದೂ ಇದಕ್ಕೇ. ಕಣಗಿಲೆ ಕೊಯ್ದರೆ ಮಾತ್ರ ಕೈ ಚೆನ್ನಾಗಿ ತೊಳೆ, ತುಂಡುಗಳನ್ನು ಮಕ್ಕಳು, ದನಕರುಗಳ ಬಾಯಿಗೆ ಸಿಗದಂತೆ ಹೂಳು. ಅದರ ಎಲ್ಲ ಭಾಗವೂ ವಿಷ.

ಇನ್ನು ಹೊಯ್ಗೆ. ಮನೆ ಹತ್ತಿರವೇ ಬೇಕಾದಷ್ಟು ಬಿದ್ದಿದೆ ಅಂತ ಕಡಲ ಬದಿಯದ್ದನ್ನು ತುಂಬಬೇಡ. ಉಪ್ಪು ಹೊಯ್ಗೆ ಕಡ್ಡಿಗೆ ನೀರು ಬಿಟ್ಟುಕೊಡುವುದಿಲ್ಲ, ಕಡ್ಡಿಯೊಳಗಿನ ನೀರನ್ನೇ ಹೊರಗೆಳೆಯುತ್ತದೆ. ಉಪ್ಪುನೀರು ಏರದ ಕಡೆಯ ಮರಳು ತರಿಸು. ಆಗದಿದ್ದರೆ ಮಳೆನೀರಿನಲ್ಲಿ ನಾಲ್ಕಾರು ಸಲ ತೊಳೆದು ಬಳಸು. ತೆಂಗಿನ ನಾರಿನ ಪುಡಿಗೂ ಇದೇ ಮಾತು, ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿದ್ದರೆ ಉಪ್ಪು ಪುಡಿಯಲ್ಲೇ ಉಳಿದಿರುತ್ತದೆ. ಮರಳಿಗೆ ಅರ್ಧದಷ್ಟು ಕೆಂಪು ಮಣ್ಣು ಸೇರಿಸು. ಗೊಬ್ಬರ ಈಗ ಬೇಡವೇ ಬೇಡ. ಹಾಲಿನ ಕೊಟ್ಟೆಯ ತಳಕ್ಕೆ ತೂತು ಹೊಡೆದು ತುಂಬಿ, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ, ಸುತ್ತಲೂ ಬೆರಳಿನಿಂದ ಒತ್ತು. ಎಲ್ಲವೂ ಬದುಕುವುದಿಲ್ಲ, ಒಂದೊಂದು ಬಗೆಯದ್ದು ಐದಾರಾದರೂ ಇರಲಿ.

ಮೃಗಶಿರ ಮಳೆ ಹಿಡಿದ ಮೇಲೆ ಇದಕ್ಕೆ ಕೈಹಾಕು. ಕೊಟ್ಟೆಗಳನ್ನು ಜಗುಲಿಯ ಅಂಚಿನಲ್ಲಿಡು. ಬೆಳಕು ಬೇಕು, ಸೂರಿನ ನೀರು ಬೀಳಬಾರದು. ಆರಿದ್ರಾ, ಪುನರ್ವಸು ಮಳೆಗಳ ಹೊಡೆತಕ್ಕೆ ಬಯಲಲ್ಲಿಟ್ಟ ಕಡ್ಡಿ ನಿಲ್ಲುವುದು ಕಷ್ಟ.

ಎರಡು ವಾರಕ್ಕೆಲ್ಲ ಚಿಗುರು ಕಣ್ಣು ಬಿಟ್ಟೀತು. ಹೆಚ್ಚಿನವರು ಎಡವುವುದು ಇಲ್ಲೇ. ಚಿಗುರು ಬಂತೆಂದರೆ ಬೇರು ಬಂತೆಂದಲ್ಲ ತಂಗಿ. ಕಡ್ಡಿ ತನ್ನೊಳಗೆ ಕೂಡಿಟ್ಟದ್ದನ್ನು ತಿಂದುಕೊಂಡೇ ಚಿಗುರುತ್ತದೆ. ಆಗ ಕಿತ್ತು ನೋಡಿದರೆ, ಒಂದೆರಡು ಎಳೆ ಬೇರು ಬಂದಿದ್ದರೂ ಹರಿದುಹೋಗುತ್ತದೆ. ದಾಸಾಳಕ್ಕೆ ತಿಂಗಳೊಪ್ಪತ್ತು ಬೇಕು. ಕೇಪಳಕ್ಕೆ ಎರಡು ತಿಂಗಳಾದರೂ ಆಶ್ಚರ್ಯವಿಲ್ಲ. ಕೊಟ್ಟೆಯ ತೂತಿನಲ್ಲಿ ಬೇರಿನ ಬಿಳಿ ತುದಿ ಇಣುಕುವ ತನಕ ಮುಟ್ಟಲೇಬೇಡ.

ಮಘಾ ಮಳೆ ಕಳೆದ ಮೇಲೆ ನೆಲಕ್ಕಿಳಿಸು. ಪಡುವಣ ಗಾಳಿ ನೇರ ಬಡಿಯದ ಹಾಗೆ, ಮನೆಯ ಮೂಡಣ ಬದಿಗೆ ನೆಟ್ಟರೆ ಒಳ್ಳೆಯದು. ಮೊದಲ ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹೊದೆಸು. ಆಗ ಬಾವಿಯ ನೀರು ಸವಳಾಗಿದೆಯೇ ಎಂದು ನಾಲಿಗೆಗಿಟ್ಟು ನೋಡಿಯೇ ಗಿಡಕ್ಕೆ ಹಾಕು.