ಕೇಸು ಮುಗಿಯಲಿ ಎಂದು ಕಾಯಬೇಡಿ



ಮನೆಗೆ ಅನ್ನ ತರುತ್ತಿದ್ದವನು ಯಾರದೋ ಮಚ್ಚಿನೇಟಿಗೆ ಸಿಕ್ಕಿ ಹಾಸಿಗೆ ಹಿಡಿದಿದ್ದಾನೆ ಎಂದುಕೊಳ್ಳಿ. ಪೊಲೀಸರು ಬಂದು ದೂರು ಬರೆದುಕೊಂಡರು. ಬಂಧುಗಳು ಬಂದು ಸಮಾಧಾನ ಹೇಳಿದರು. ಆದರೆ ಔಷಧಿಯ ಖರ್ಚು, ಮಕ್ಕಳ ಶಾಲೆಯ ಶುಲ್ಕ, ಅಂಗಡಿಯ ಸಾಲ? "ಕೇಸು ಮುಗಿಯಲಿ, ಆಮೇಲೆ ನೋಡೋಣ" ಎನ್ನುತ್ತಾರೆ ಹಿರಿಯರು. ಈ ಮಾತೇ ಕುಟುಂಬಕ್ಕೆ ಮುಳುವಾಗಬಹುದು. ಏಕೆಂದರೆ ಪರಿಹಾರದ ಅರ್ಜಿಗೆ ಗಡುವಿದೆ.

ಪರಿಹಾರ ಕೊಡುವವರು ಯಾರು?

ಇಲ್ಲಿ ಹಣ ಕೊಡುವುದು ಅಪರಾಧಿಯಲ್ಲ, ಸರ್ಕಾರ. ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 357ಎ ಕಲಂ 2009ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರಂತೆ ಕರ್ನಾಟಕದಲ್ಲಿ 2011ರಲ್ಲಿ ಸಂತ್ರಸ್ತರ ಪರಿಹಾರ ಯೋಜನೆ ರೂಪುಗೊಂಡಿತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಇದೇ ಹಕ್ಕನ್ನು ಉಳಿಸಿದೆ.

ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ನೊಂದವರು ಅಥವಾ ಅವರನ್ನು ನಂಬಿದವರು ಅರ್ಜಿ ಹಾಕಬಹುದು. ಆರೋಪಿ ಬಿಡುಗಡೆಯಾದರೂ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ತೀರ್ಪಿಗೆ ಮುನ್ನವೇ ಮಧ್ಯಂತರ ಪರಿಹಾರದ ಅಗತ್ಯವಿದೆಯೇ ಎಂದು ನೋಡುವುದು ನ್ಯಾಯಾಲಯಗಳ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅರ್ಜಿ ಬಂದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕೆಂಬುದೂ ಕಾನೂನಿನಲ್ಲೇ ಇದೆ.

ಗಡುವು ಎಷ್ಟು?

ಯೋಜನೆಯಿಂದ ಯೋಜನೆಗೆ ಗಡುವು ಬೇರೆ. ಲೈಂಗಿಕ ದೌರ್ಜನ್ಯ, ಆಸಿಡ್ ದಾಳಿ ಮುಂತಾದವುಗಳಿಗೆ ತುತ್ತಾದ ಮಹಿಳೆಯರಿಗಾಗಿ 2018ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ರೂಪಿಸಿದ ಯೋಜನೆಯಲ್ಲಿ, ಘಟನೆ ನಡೆದ ದಿನದಿಂದ ಅಥವಾ ವಿಚಾರಣೆ ಮುಗಿದಂದಿನಿಂದ 3 ವರ್ಷ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅವಕಾಶವೂ ಅದರಲ್ಲಿದೆ. ಆದರೂ ಯಾವ ಪ್ರಕರಣವೇ ಇರಲಿ, ಆರು ತಿಂಗಳು ತುಂಬುವ ಮುನ್ನವೇ ಅರ್ಜಿ ಸಲ್ಲಿಸುವುದು ಜಾಣತನ.

ಅಜಾಗರೂಕತೆಯಿಂದ ವಾಹನ ಓಡಿಸಿ ಗುದ್ದುವುದೂ ಅಪರಾಧವೇ. ಹೆದ್ದಾರಿಯ ಪಕ್ಕದಲ್ಲಿ ಬಾಳುವ ನಮಗೆ ಇದು ದೂರದ ಮಾತಲ್ಲ. ಆದರೆ ಅದಕ್ಕೆ ದಾರಿ ಬೇರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 1994ರಲ್ಲಿ ಅಲ್ಲಿನ ಕಾಲಮಿತಿಯನ್ನು ತೆಗೆದುಹಾಕಲಾಗಿತ್ತು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಮರಳಿ ಬಂತು. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿತು. ಅದನ್ನು ನಂಬಿ ಸುಮ್ಮನೆ ಕೂರಬೇಡಿ. ಆದರೆ ತಡವಾಗಿದೆಯೆಂದು ಆಸೆಯನ್ನೂ ಬಿಡಬೇಡಿ. ಗುದ್ದಿದ ವಾಹನ ಪತ್ತೆಯಾಗದಿದ್ದರೆ, 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ.

ಎಲ್ಲಿಗೆ ಹೋಗಬೇಕು?

ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಗುಬ್ಬಿ, ಕುಣಿಗಲ್‌ನವರು ತಮ್ಮ ಊರಿನ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಮೊದಲು ವಿಚಾರಿಸಬಹುದು. ಎಫ್‌ಐಆರ್ ಪ್ರತಿ, ವೈದ್ಯಕೀಯ ದಾಖಲೆ, ಖರ್ಚಿನ ರಸೀದಿಗಳನ್ನು ಜೋಪಾನವಾಗಿಡಿ. ಎಫ್‌ಐಆರ್ ಪ್ರತಿ ಪಡೆಯಲು ಹಣ ಕೊಡಬೇಕಿಲ್ಲ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಕ್ಷಮಿಸಿದವರು ಕೇಳಬಹುದೇ?

"ಕ್ಷಮಿಸಿಬಿಟ್ಟಿದ್ದೇವೆ, ಹಣ ಏಕೆ?" ಎನ್ನುವವರು ನಮ್ಮಲ್ಲಿದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಈ ಪರಿಹಾರ ರಾಜಿಯೂ ಅಲ್ಲ, ಸೇಡೂ ಅಲ್ಲ. ಯೇಸುಸ್ವಾಮಿ ಹೇಳಿದ ಕಥೆಯ ಸಮಾರಿಯದವನು ಗಾಯ ಕಟ್ಟಿ ಹೊರಟುಬಿಡಲಿಲ್ಲ. ಛತ್ರದವನ ಕೈಗೆ ಮುಂದಿನ ಆರೈಕೆಯ ಹಣವನ್ನೂ ಕೊಟ್ಟನು. ಕ್ಷಮೆ ನಮ್ಮ ಹೃದಯದ ಮಾತು. ಮಕ್ಕಳ ಊಟ, ಓದು ನಮ್ಮ ಹೊಣೆ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಬೀದಿಯಲ್ಲಿ ಹೀಗೆ ನೊಂದು ಸುಮ್ಮನಾದ ಮನೆ ಇದೆಯೇ?
2. ಅವರೊಡನೆ ಒಂದು ದಿನ ಕಾನೂನು ಸೇವಾ ಕಚೇರಿಗೆ ಹೋಗಿಬರಲು ನಮ್ಮಲ್ಲಿ ಯಾರಿಗೆ ಬಿಡುವಿದೆ?