ನಾವೇ ಕಟ್ಟಿದ ರೂಟರ್: ಮೂರು ಹಳೆಯ ಕಂಪ್ಯೂಟರ್‌ಗಳ ಪಾಠ



ರೂಟರ್ ಎಂದರೇನು ಎಂದು ತರಗತಿಯಲ್ಲಿ ಕೇಳಿದಾಗ ಬರುವ ಮೊದಲ ಉತ್ತರ, "ವೈಫೈ ಡಬ್ಬ ಸರ್" ಎಂಬುದು. ತಪ್ಪೇನಲ್ಲ. ಆದರೆ ಆ ಡಬ್ಬದೊಳಗೆ ಇರುವುದೂ ಒಂದು ಚಿಕ್ಕ ಕಂಪ್ಯೂಟರೇ. ಅನೇಕ ಡಬ್ಬಗಳಲ್ಲಿ ಓಡುವುದು ಲಿನಕ್ಸ್. ರೂಟರ್ ಎನ್ನುವುದು ಒಂದು ವಸ್ತುವಿನ ಹೆಸರಿಗಿಂತ ಹೆಚ್ಚಾಗಿ ಒಂದು ಕೆಲಸದ ಹೆಸರು: ಒಂದು ನೆಟ್‌ವರ್ಕ್‌ನಿಂದ ಬಂದ ಪ್ಯಾಕೆಟ್ಟನ್ನು ನೋಡಿ, ಅದರ ವಿಳಾಸ ಓದಿ, ಸರಿಯಾದ ಇನ್ನೊಂದು ನೆಟ್‌ವರ್ಕ್‌ಗೆ ದಾಟಿಸುವುದು. 1969ರಲ್ಲಿ ಅಮೆರಿಕದ ಅರ್ಪಾನೆಟ್ ಆರಂಭವಾದಾಗ ಈ ಕೆಲಸ ಮಾಡಿದ್ದು ಹನಿವೆಲ್ ಕಂಪನಿಯ ಮಿನಿಕಂಪ್ಯೂಟರ್‌ಗಳು. ಅಂದರೆ ಸಾಮಾನ್ಯ ಕಂಪ್ಯೂಟರಿಗೆ ತಂತ್ರಾಂಶ ಹಾಕಿ ರೂಟರ್ ಮಾಡುವುದು ಹೊಸ ವಿಷಯವಲ್ಲ.

ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್‌ನ ನೆಟ್‌ವರ್ಕ್ ಪಾಠದಲ್ಲಿ ರೂಟರ್‌ನ ಚಿತ್ರವಿದೆ, ವ್ಯಾಖ್ಯಾನವಿದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಕೈಯಿಂದ ಮಾಡಿ ನೋಡದೆ ಅದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಆಸಕ್ತ ವಿದ್ಯಾರ್ಥಿಗಳೊಂದಿಗೆ ಶನಿವಾರ ಮಧ್ಯಾಹ್ನ, ಜುಹರ್ ನಮಾಝ್ ಮತ್ತು ಊಟದ ಬಿಡುವಿನ ನಂತರ, ಲ್ಯಾಬಿನಲ್ಲಿ ಕೆಲವು ಪ್ರಯೋಗಗಳನ್ನು ಮಾಡುತ್ತಿದ್ದೇನೆ. ಅವುಗಳ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಜೊತೆಗೆ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ.

ಬೇಕಾಗುವ ಸಾಮಗ್ರಿ

ಲಿನಕ್ಸ್ ಇರುವ ಮೂರು ಕಂಪ್ಯೂಟರ್‌ಗಳು ಸಾಕು, ಹಳೆಯವಾದರೂ ಪರವಾಗಿಲ್ಲ. ನಡುವಿನ ಕಂಪ್ಯೂಟರಿಗೆ ಮಾತ್ರ ಎರಡು ನೆಟ್‌ವರ್ಕ್ ಕಾರ್ಡ್ ಬೇಕು. ಎರಡು ಕೇಬಲ್. ಪ್ರಯೋಗದ ಕಂಪ್ಯೂಟರ್‌ಗಳನ್ನು ಕಾಲೇಜಿನ ಇಂಟರ್ನೆಟ್‌ನಿಂದ ಮೊದಲೇ ಬಿಡಿಸಿಡಿ, ವೈಫೈ ಆಫ್ ಮಾಡಿ. ಇಲ್ಲದಿದ್ದರೆ ಪ್ಯಾಕೆಟ್ ಯಾವ ದಾರಿಯಲ್ಲಿ ಹೋಯಿತೆಂದು ಹೇಳಲಾಗದು; ಆಫೀಸಿನ ನೆಟ್ ಕೆಟ್ಟರೆ ಬೈಸಿಕೊಳ್ಳುವವನೂ ನಾನೇ.

ವಿಳಾಸಗಳು ಹೀಗಿರಲಿ:

ಕಂಪ್ಯೂಟರ್ ಎ: 192.168.10.2
ರೂಟರ್‌ನ ಮೊದಲ ಕಾರ್ಡ್: 192.168.10.1
ರೂಟರ್‌ನ ಎರಡನೇ ಕಾರ್ಡ್: 192.168.20.1
ಕಂಪ್ಯೂಟರ್ ಬಿ: 192.168.20.2

ಎಲ್ಲಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಅಂದರೆ ಮೊದಲ ಮೂರು ಸಂಖ್ಯೆಗಳು ನೆಟ್‌ವರ್ಕನ್ನು, ಕೊನೆಯ ಸಂಖ್ಯೆ ಅದರೊಳಗಿನ ಯಂತ್ರವನ್ನು ಸೂಚಿಸುತ್ತದೆ. ಎ ಇರುವುದು 10ರ ಕೇರಿಯಲ್ಲಿ, ಬಿ ಇರುವುದು 20ರ ಕೇರಿಯಲ್ಲಿ. ಎರಡೂ ಕೇರಿಗೆ ಬಾಗಿಲಿರುವ ಮನೆ ಒಂದೇ, ಅದು ರೂಟರ್. 192.168 ಎಂದು ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲಾದವು, ಆದ್ದರಿಂದ ಧೈರ್ಯವಾಗಿ ಬಳಸಬಹುದು. ಟೈಪ್ ಮಾಡಬೇಕಾದ ಆಜ್ಞೆಗಳ ಹಾಳೆಯನ್ನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ; ಇಲ್ಲಿ ಕೆಲಸದ ಅರ್ಥವನ್ನಷ್ಟೇ ಹೇಳುತ್ತೇನೆ.

ಪ್ರಯೋಗ 1: ಪಕ್ಕದ ಮನೆಯವರನ್ನು ಕರೆಯುವುದು

ವಿಳಾಸಗಳನ್ನು ಕೊಟ್ಟ ಮೇಲೆ ಎ ಇಂದ 192.168.10.1ಕ್ಕೆ ಪಿಂಗ್ ಮಾಡಿ. ಉತ್ತರ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ. ಕೇಬಲ್ ಸರಿಯಾಗಿ ಕೂತಿದೆಯೇ, ಕಾರ್ಡಿನ ದೀಪ ಉರಿಯುತ್ತಿದೆಯೇ, ಮೊದಲ ಕಾರ್ಡಿನ ಕೇಬಲ್ ಎರಡನೆಯದಕ್ಕೆ ಹಾಕಿದ್ದೀರಾ ಎಂದು ನೋಡಿ. ನಮ್ಮಲ್ಲಿ ಹೆಚ್ಚಿನ ಸಲ ಆಗುವುದು ಕೊನೆಯದೇ.

ಸಾಮಾನ್ಯವಾಗಿ ಮೊದಲ ಉತ್ತರ ಸ್ವಲ್ಪ ತಡವಾಗಿ, ಉಳಿದವು ಬೇಗ ಬರುವುದನ್ನು ಗಮನಿಸಿ. ಮೊದಲ ಸಲ ಎ ತನ್ನ ಕೇರಿಯಲ್ಲಿ "10.1 ಯಾರು, ನಿಮ್ಮ ಮ್ಯಾಕ್ ವಿಳಾಸ ಏನು?" ಎಂದು ಕೂಗಿ ಕೇಳಬೇಕು. ಇದಕ್ಕೆ ಎಆರ್‌ಪಿ ಎನ್ನುತ್ತಾರೆ. ಒಮ್ಮೆ ತಿಳಿದ ಮೇಲೆ ಕೆಲಕಾಲ ನೆನಪಿಟ್ಟುಕೊಳ್ಳುತ್ತದೆ.

ಇದೇ ರೀತಿ ಬಿ ಇಂದ 192.168.20.1ಕ್ಕೆ ಪಿಂಗ್ ಮಾಡಿ. ನಂತರ ಎ ಇಂದ ನೇರವಾಗಿ 192.168.20.2ಕ್ಕೆ ಪಿಂಗ್ ಮಾಡಿ. "ನೆಟ್‌ವರ್ಕ್ ಈಸ್ ಅನ್‌ರೀಚಬಲ್" ಎನ್ನುತ್ತದೆ. ಇನ್ನೊಂದು ಕೇರಿಗೆ ಹೋಗುವ ದಾರಿ ಎ ಗೆ ಗೊತ್ತೇ ಇಲ್ಲ, ಪ್ಯಾಕೆಟ್ ಹೊಸಿಲು ದಾಟುವುದೇ ಇಲ್ಲ. ಈಗ ಎ ಗೆ ಡೀಫಾಲ್ಟ್ ಗೇಟ್‌ವೇ 192.168.10.1 ಎಂದು ಕೊಡಿ.

ಪ್ರಯೋಗ 2: ನಾನು ಸೋತ ಜಾಗ

ಕಳೆದ ವರ್ಷ ಈ ಹಂತದಲ್ಲಿ ನಾನು ಬ್ಯಾಚಿಗೆ ಹೇಳಿದ್ದು: "ಈಗ ಎ ಇಂದ ರೂಟರ್‌ನ ಆಚೆ ಕಾರ್ಡ್ 192.168.20.1ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ರೂಟರ್ ಕೆಲಸ ಮಾಡುತ್ತಿದೆ ಎಂದರ್ಥ." ಉತ್ತರ ಬಂತು. ಎಲ್ಲರೂ ರೆಕಾರ್ಡಿನಲ್ಲಿ "ಫಲಿತಾಂಶ: ರೂಟರ್ ಯಶಸ್ವಿಯಾಗಿ ಕೆಲಸ ಮಾಡುತ್ತದೆ" ಎಂದು ಬರೆದರು. ಸಮಯವಾಗಿತ್ತು. ನಾನು ಸಹಿ ಹಾಕಿದೆ.

ಮುಂದಿನ ವಾರ ಟಿಟಿಎಲ್ ಬಗ್ಗೆ ಪಾಠ ಮಾಡಿದೆ. ಪ್ರತಿ ಪ್ಯಾಕೆಟ್ಟಿನಲ್ಲಿ ಟೈಮ್ ಟು ಲಿವ್ ಎಂಬ ಒಂದು ಸಂಖ್ಯೆ ಇರುತ್ತದೆ. ಲಿನಕ್ಸ್‌ನಲ್ಲಿ ಅದು 64ರಿಂದ ಆರಂಭ. ದಾಟಿಸುವ ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ದಾರಿ ತಪ್ಪಿದ ಪ್ಯಾಕೆಟ್ ಕೊನೆಯಿಲ್ಲದೆ ಸುತ್ತಬಾರದು ಎಂಬುದಕ್ಕೆ ಈ ಏರ್ಪಾಡು.

ಪಾಠ ಮುಗಿಯುತ್ತಿದ್ದಂತೆ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ರೆಕಾರ್ಡ್ ತೆರೆದು ನಿಂತಳು. "ಸರ್, ಒಂದು ರೂಟರ್ ದಾಟಿದರೆ 63 ಆಗಬೇಕಲ್ವಾ? ನಾವು ಬರೆದಿರುವುದೆಲ್ಲ 64 ಇದೆ."

ಒಂದು ಕ್ಷಣ ಏನಾದರೂ ವಿವರಣೆ ಹೇಳಿ ಕೂರಿಸೋಣ ಎನಿಸಿತು. ಸುಳ್ಳು ಹೇಳುವುದಿಲ್ಲ, ಹಾಗೆಯೇ ಎನಿಸಿತ್ತು. "ನೋಡೋಣ ಬನ್ನಿ" ಎಂದು ಲ್ಯಾಬಿಗೆ ಹೋದೆವು. ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಎಂಬ ಒಂದು ಆಯ್ಕೆ ಇದೆ. ಅದರ ಬೆಲೆ 1 ಇದ್ದರೆ ಮಾತ್ರ ಕಂಪ್ಯೂಟರ್ ಬೇರೆಯವರ ಪ್ಯಾಕೆಟ್ಟನ್ನು ದಾಟಿಸುತ್ತದೆ. ನಮ್ಮಲ್ಲಿ ಅದು 0 ಇತ್ತು. ಒಂದೇ ಒಂದು ಪ್ಯಾಕೆಟ್ ಕೂಡ ಆಚೆ ದಾಟಿರಲಿಲ್ಲ.

ಹಾಗಾದರೆ 20.1 ಉತ್ತರ ಕೊಟ್ಟದ್ದು ಹೇಗೆ? 20.1 ಕೂಡ ರೂಟರ್‌ನದೇ ವಿಳಾಸ. ಲಿನಕ್ಸ್ ತನ್ನ ಯಾವುದೇ ಕಾರ್ಡಿನ ವಿಳಾಸಕ್ಕೆ ಬಂದ ಪ್ಯಾಕೆಟ್ಟನ್ನು, ಅದು ಯಾವ ಕಾರ್ಡಿನಿಂದ ಬಂದರೂ, ತನ್ನದೆಂದು ಸ್ವೀಕರಿಸುತ್ತದೆ. ಮುಂಬಾಗಿಲಲ್ಲಿ ನಿಂತು ಹಿತ್ತಲ ಬಾಗಿಲಿನ ಹೆಸರು ಕರೆದರೂ ಒಳಗಿದ್ದವರು ಓಗೊಟ್ಟ ಹಾಗೆ. ಮನೆಯ ಮೂಲಕ ಹಿತ್ತಲಿಗೆ ಯಾರೂ ಹೋಗಿರಲಿಲ್ಲ.

ಹಾಗಾಗಿ ಈ ಪ್ರಯೋಗವನ್ನು ಈಗ ಹೀಗೆ ಮಾಡುತ್ತೇವೆ. ಫಾರ್ವರ್ಡಿಂಗ್ 0 ಇರುವಾಗಲೇ ಎ ಇಂದ 20.1ಕ್ಕೆ ಪಿಂಗ್ ಮಾಡಿ, ಟಿಟಿಎಲ್ 64 ಎಂದು ಬರೆದುಕೊಳ್ಳಿ. ನಂತರ 20.2ಕ್ಕೆ ಪಿಂಗ್ ಮಾಡಿ, ಉತ್ತರವಿಲ್ಲ ಎಂದು ಬರೆದುಕೊಳ್ಳಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮೊದಲನೆಯದು ಗೆಲುವಿನ ಹಾಗೆ ಕಾಣುತ್ತದೆ, ಆದರೆ ಗೆಲುವಲ್ಲ.

ಪ್ರಯೋಗ 3: ಹೋದದ್ದು ಮರಳಿ ಬರಬೇಕು

ಈಗ ಫಾರ್ವರ್ಡಿಂಗ್ 1 ಮಾಡಿ. ಎ ಇಂದ 20.2ಕ್ಕೆ ಮತ್ತೆ ಪಿಂಗ್ ಮಾಡಿ. ಇನ್ನೂ ಉತ್ತರ ಬರುವುದಿಲ್ಲ! ಇಲ್ಲಿ ಬಹಳ ಮಂದಿ ಫಾರ್ವರ್ಡಿಂಗ್ ಆಯ್ಕೆಯನ್ನೇ ಅನುಮಾನಿಸಿ ಮತ್ತೆ ಮತ್ತೆ ಬದಲಿಸುತ್ತಾರೆ. ಊಹೆ ಬೇಡ, ಕಣ್ಣಿಂದ ನೋಡಿ. ರೂಟರ್‌ನಲ್ಲಿ ಟಿಸಿಪಿಡಂಪ್ ಎಂಬ ಸಾಧನವನ್ನು ಎರಡನೇ ಕಾರ್ಡಿನ ಮೇಲೆ ಓಡಿಸಿ. ದಾಟಿ ಹೋಗುವ ಪ್ಯಾಕೆಟ್‌ಗಳು ಸಾಲಾಗಿ ಕಾಣುತ್ತವೆ. "ಎಕೋ ರಿಕ್ವೆಸ್ಟ್" ಬಿ ಕಡೆಗೆ ಹೋಗುತ್ತಿದೆ, "ಎಕೋ ರಿಪ್ಲೈ" ಮಾತ್ರ ಇಲ್ಲ. ಅಂದರೆ ರೂಟರ್ ತನ್ನ ಕೆಲಸ ಮಾಡಿದೆ. ತೊಂದರೆ ಇರುವುದು ಬಿ ಯಲ್ಲಿ: 10ರ ಕೇರಿಗೆ ಉತ್ತರ ಕಳಿಸುವ ದಾರಿ ಅದಕ್ಕೆ ತಿಳಿಸಿಲ್ಲ.

ಬಿ ಗೆ ಡೀಫಾಲ್ಟ್ ಗೇಟ್‌ವೇ 192.168.20.1 ಎಂದು ಕೊಡಿ. ತಕ್ಷಣ ಉತ್ತರ ಬರುತ್ತದೆ, ಟಿಟಿಎಲ್ 63 ಎಂದು ತೋರಿಸುತ್ತದೆ. ಈ 63 ಕಂಡಾಗ ಲ್ಯಾಬಿನಲ್ಲಿ ಎದ್ದ ಸದ್ದಿಗೆ ಪಕ್ಕದ ತರಗತಿಯಿಂದ ಆಕ್ಷೇಪ ಬಂತು.

ನೆಟ್‌ವರ್ಕ್‌ನಲ್ಲಿ ಪ್ರತಿ ಸಂಭಾಷಣೆಗೂ ಎರಡು ದಾರಿ ಬೇಕು. ಹೋಗುವ ದಾರಿ ಸರಿ ಮಾಡಿ, ಬರುವ ದಾರಿ ಮರೆಯುವುದು ಬಹಳ ಸಾಮಾನ್ಯ. (ಬಿ ಯಲ್ಲಿ ವಿಂಡೋಸ್ ಇದ್ದರೆ ದಾರಿ ಸರಿಯಿದ್ದರೂ ಅದರ ಫೈರ್‌ವಾಲ್ ಪಿಂಗನ್ನು ತಡೆಯಬಹುದು. ಅದರ ಟಿಟಿಎಲ್ 128ರಿಂದ ಆರಂಭವಾಗುವುದರಿಂದ ನಿಮಗೆ 127 ಕಾಣುತ್ತದೆ.)

ಪ್ರಯೋಗ 4: ರೂಟರ್ ಏನನ್ನು ಬದಲಿಸುತ್ತದೆ?

ಟಿಸಿಪಿಡಂಪನ್ನು ಮೊದಲ ಕಾರ್ಡಿನ ಮೇಲೆ ಒಮ್ಮೆ, ಎರಡನೆಯದರ ಮೇಲೆ ಒಮ್ಮೆ ಮ್ಯಾಕ್ ವಿಳಾಸವನ್ನೂ ತೋರಿಸುವಂತೆ ಓಡಿಸಿ, ಹೋಲಿಸಿ. ಕಳಿಸಿದವರ ಐಪಿ 192.168.10.2, ತಲುಪಬೇಕಾದ ಐಪಿ 192.168.20.2, ಎರಡೂ ಕಡೆ ಇವು ಒಂದೇ. ಬದಲಾದದ್ದು ಮ್ಯಾಕ್ ವಿಳಾಸಗಳು ಮತ್ತು ಟಿಟಿಎಲ್. ಅಂಚೆ ಕಾಗದದ ಮೇಲಿನ ವಿಳಾಸ ಕೊನೆಯವರೆಗೂ ಅದೇ ಇರುತ್ತದೆ, ಹೊತ್ತ ಚೀಲ ಮಾತ್ರ ಊರಿಂದ ಊರಿಗೆ ಬದಲಾಗುತ್ತದೆ. ಐಪಿ ಮತ್ತು ಮ್ಯಾಕ್ ವಿಳಾಸಗಳ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನಂತರ ಎ ಇಂದ ಬಿ ಗೆ ಟ್ರೇಸ್‌ರೂಟ್ ಮಾಡಿ. ಎರಡು ಸಾಲು ಬರಬೇಕು: ಮೊದಲು 192.168.10.1, ಆಮೇಲೆ 192.168.20.2. ಟ್ರೇಸ್‌ರೂಟ್ ಮೊದಲು ಟಿಟಿಎಲ್ 1 ಇಟ್ಟು ಕಳಿಸುತ್ತದೆ. ರೂಟರ್ ಅದನ್ನು ಸೊನ್ನೆ ಮಾಡಿ ಬಿಸಾಡಿ, "ಅವಧಿ ಮುಗಿಯಿತು" ಎಂದು ತಿಳಿಸುತ್ತದೆ. ಆ ಸಂದೇಶದಿಂದಲೇ ರೂಟರ್‌ನ ವಿಳಾಸ ಸಿಗುತ್ತದೆ. ಮುಂದೆ 2 ಇಟ್ಟು ಕಳಿಸುತ್ತದೆ. ಎಂಥ ಸರಳ ಉಪಾಯ!

ಪ್ರಯೋಗ 5: ವೇಗ ಅಳೆಯುವುದು

ಎ ಮತ್ತು ಬಿ ಎರಡರಲ್ಲೂ ಐಪರ್ಫ್ ಓಡಿಸಿ ವೇಗ ಅಳೆಯಿರಿ. ನಮ್ಮ ಕಾರ್ಡುಗಳು 100 ಮೆಗಾಬಿಟ್‌ನವು. ಬಂದದ್ದು ಸುಮಾರು 94. "ಉಳಿದ 6 ಎಲ್ಲಿ ಹೋಯಿತು ಸರ್?" ಎಂದು ಕೇಳಿದರು. ಲೆಕ್ಕ ಹಾಕಿದೆವು. ಈಥರ್‌ನೆಟ್‌ನ ಒಂದು ಪೂರ್ಣ ಚೌಕಟ್ಟು ತಂತಿಯ ಮೇಲೆ, ಮುನ್ಸೂಚನೆ ಮತ್ತು ಅಂತರವನ್ನೂ ಸೇರಿಸಿ, 1538 ಬೈಟ್‌ನಷ್ಟು ಜಾಗ ಹಿಡಿಯುತ್ತದೆ. ಅದರೊಳಗಿನ ಐಪಿ ಪ್ಯಾಕೆಟ್ 1500. ಐಪಿ ಶೀರ್ಷಿಕೆಗೆ 20, ಟಿಸಿಪಿಗೆ ಸಮಯಮುದ್ರೆ ಸೇರಿ 32 ಕಳೆದರೆ ಉಳಿಯುವ ಮಾಹಿತಿ 1448. 1448ನ್ನು 1538ರಿಂದ ಭಾಗಿಸಿದರೆ ಶೇಕಡ 94.1. ಪುಸ್ತಕದ ಲೆಕ್ಕ ಯಂತ್ರದ ಪರದೆಯ ಮೇಲೆ ಹೊಂದಿಕೆಯಾದಾಗ ಆಗುವ ಸಂತೋಷವೇ ಬೇರೆ.

ಪ್ರಯೋಗ 6: ಕರೆಂಟ್ ಹೋಯಿತು

ಇದನ್ನು ನಾವು ಯೋಜಿಸಿರಲಿಲ್ಲ, ವಿದ್ಯುತ್ ಇಲಾಖೆ ನಡೆಸಿಕೊಟ್ಟಿತು. ಕರೆಂಟ್ ಬಂದ ಮೇಲೆ ರೂಟರ್ ಮತ್ತೆ ಮೂಕ. ನಾವು ಆಜ್ಞೆಯಿಂದ ಮಾಡಿದ ಬದಲಾವಣೆಗಳೆಲ್ಲ ನೆನಪಿನಲ್ಲಿ ಮಾತ್ರ ಇದ್ದವು. ವಿಳಾಸ, ದಾರಿ, ಫಾರ್ವರ್ಡಿಂಗ್ ಎಲ್ಲವೂ ಅಳಿಸಿಹೋದವು. ಶಾಶ್ವತವಾಗಬೇಕಾದರೆ ಸಂರಚನಾ ಕಡತಗಳಲ್ಲಿ ಬರೆದಿಡಬೇಕು. ಈಗ ಇದೂ ಕ್ರಮದ ಪ್ರಯೋಗವೇ: ಬರೆದಿಟ್ಟು, ರೀಸ್ಟಾರ್ಟ್ ಮಾಡಿ, ಯಾವ ಆಜ್ಞೆಯನ್ನೂ ಕೊಡದೆ 63 ಬರುತ್ತದೆಯೇ ನೋಡಿ.

ಮುಂದಿನ ಹೆಜ್ಜೆಯಾಗಿ ಎರಡು, ಮೂರು ರೂಟರ್ ಜೋಡಿಸಿ, ದಾರಿಗಳನ್ನು ಅವುಗಳೇ ಪರಸ್ಪರ ಹೇಳಿಕೊಳ್ಳುವಂತೆ ಮಾಡಬಹುದು. ಇದಕ್ಕೆ ಎಫ್‌ಆರ್‌ಆರ್ ಎಂಬ ಉಚಿತ ತಂತ್ರಾಂಶವಿದೆ. ಒಎಸ್‌ಪಿಎಫ್ ವಿಧಾನದಲ್ಲಿ, ಈಥರ್‌ನೆಟ್ ಮೇಲೆ, ರೂಟರ್‌ಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ "ಹಲೋ" ಹೇಳುತ್ತವೆ. 40 ಸೆಕೆಂಡ್ ಸದ್ದಿಲ್ಲದಿದ್ದರೆ ಆ ನೆರೆಯವನು ಇಲ್ಲವೆಂದು ಬೇರೆ ದಾರಿ ಹುಡುಕುತ್ತವೆ. ಅದು ಮುಂದಿನ ಬ್ಯಾಚಿನ ಕೆಲಸ.

ಆ ಸಹಿಗಳ ವಿಷಯ

64ರ ಗುಟ್ಟು ಬಯಲಾದ ದಿನ ಎಲ್ಲರ ರೆಕಾರ್ಡ್ ಮರಳಿ ತರಿಸಿಕೊಂಡೆ. ಒಬ್ಬ ಹುಡುಗ, "ಇದು ಪರೀಕ್ಷೆಗೆ ಇಲ್ಲ, ಯಾರೂ ನೋಡಲ್ಲ, ಬಿಡಿ ಸರ್" ಎಂದ. ಅವನು ನನಗೆ ಕಷ್ಟ ತಪ್ಪಿಸಲು ಹೇಳಿದ್ದು, ಕೆಟ್ಟ ಮನಸ್ಸಿನಿಂದಲ್ಲ. ಆದರೂ ಒಂದೊಂದನ್ನೂ ತೆರೆದು ನನ್ನ ಸಹಿಯ ಮೇಲೆ ಗೆರೆ ಎಳೆದು, "ಪರೀಕ್ಷೆ ಸರಿಯಾಗಿ ಆಗಿಲ್ಲ, ತಪ್ಪು ಬೋಧಕನದು" ಎಂದು ಬರೆದು ದಿನಾಂಕ ಹಾಕಿದೆ. ಹಳೆಯ ಪುಟ ಹರಿಯಲು ಬಿಡಲಿಲ್ಲ. ಹೊಸ ಫಲಿತಾಂಶವನ್ನು ಮುಂದಿನ ಪುಟದಲ್ಲಿ ಬರೆದರು.

ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ದೂರವಿಡುವುದು. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಲ್ಯಾಬ್ ರೆಕಾರ್ಡಿನ ಸಹಿಯೂ ಅಂಥ ಒಂದು ಅಮಾನತ್. ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳಬಹುದು. "ಪರೀಕ್ಷಿಸಿದ್ದೇನೆ, ಸರಿಯಿದೆ" ಎಂಬ ನಿಮ್ಮ ಮಾತನ್ನು ನಂಬಿ ಅಲ್ಲಿ ಬೇರೆಯವರು ಕೆಲಸ ಮಾಡುತ್ತಾರೆ. ಪರೀಕ್ಷೆ ಎಂದರೆ ಸರಿ ಎನ್ನುವ ಉತ್ತರ ಹುಡುಕುವುದಲ್ಲ. ಕೆಟ್ಟಿದ್ದರೆ ಕೆಟ್ಟಿದೆ ಎಂದು ಹೇಳಬಲ್ಲ ಪ್ರಶ್ನೆ ಕೇಳುವುದು. 20.1ಕ್ಕೆ ಮಾಡಿದ ಪಿಂಗ್ ಅಂಥ ಪ್ರಶ್ನೆಯಾಗಿರಲಿಲ್ಲ.

ನೀವೇ ಉತ್ತರಿಸಿ

1. ಎ ಮತ್ತು ಬಿ ನಡುವೆ ಎರಡು ಲಿನಕ್ಸ್ ರೂಟರ್‌ಗಳಿದ್ದರೆ ಪಿಂಗ್ ಉತ್ತರದಲ್ಲಿ ಟಿಟಿಎಲ್ ಎಷ್ಟು?
2. ಫಾರ್ವರ್ಡಿಂಗ್ 0 ಇರುವಾಗ ಟಿಸಿಪಿಡಂಪ್ ಓಡಿಸಿದರೆ ಎ ಯ ರಿಕ್ವೆಸ್ಟ್ ಯಾವ ಕಾರ್ಡಿನಲ್ಲಿ ಕಾಣುತ್ತದೆ, ಯಾವುದರಲ್ಲಿ ಕಾಣುವುದಿಲ್ಲ?
3. ಎ ಗೆ ಗೇಟ್‌ವೇ ಕೊಡದೆ ಬಿ ಗೆ ಮಾತ್ರ ಕೊಟ್ಟರೆ, ಬಿ ಇಂದ ಮಾಡಿದ ಪಿಂಗ್ ಎಲ್ಲಿ ನಿಲ್ಲುತ್ತದೆ?

ಉತ್ತರ ಬರೆದುಕೊಂಡು ಶನಿವಾರ ಲ್ಯಾಬಿಗೆ ಬನ್ನಿ. ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬರಬಹುದು. ನನ್ನ ರೆಕಾರ್ಡಿನಲ್ಲಿ ತಪ್ಪು ಕಂಡರೆ, ಆ ವಿದ್ಯಾರ್ಥಿನಿಯಂತೆ ಎದ್ದು ನಿಂತು ಕೇಳಿ.