ಕುಸ್ತಿ ಬಿಟ್ಟು ಕಲ್ಲು ಹಿಡಿಯುವ ತಮ್ಮನಿಗೆ

ತಮ್ಮಾ, ನೀನು ಕುಸ್ತಿ ಬಿಟ್ಟು ಸ್ಟ್ರಾಂಗ್‌ಮನ್ ಸ್ಪರ್ಧೆಗೆ ಇಳಿಯುತ್ತೀಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ದಿಗಿಲಿತ್ತು. ನನಗೆ ಅಷ್ಟು ದಿಗಿಲಿಲ್ಲ. ದಾವಣಗೆರೆಯ ಗರಡಿಯಲ್ಲಿ ಬೆಳೆದು, ಜಾತ್ರೆಯ ಕಣಗಳಲ್ಲಿ ಹಣಕ್ಕೆ ಕುಸ್ತಿ ಹಿಡಿದು ಕಾಲೇಜಿನ ಫೀಸು ಕಟ್ಟಿದ ಹುಡುಗ ನೀನು. ಓದಲು ಸ್ವೀಡನ್‌ನ ಲಿಂಕೋಪಿಂಗ್‌ಗೆ ಬಂದೆ. ಇಲ್ಲಿ ಮಟ್ಟಿಯ ಕಣವಿಲ್ಲ, ಜೋಡಿ ಸಿಗುವುದಿಲ್ಲ. ಮೈಯ ಕಸುವು ಒಂದು ದಾರಿ ಹುಡುಕಲೇಬೇಕು. ನಿನ್ನ ಆಯ್ಕೆ ತಪ್ಪಲ್ಲ, ನಿನ್ನ ಅವಸರದ ಬಗ್ಗೆ ಮಾತ್ರ ನನಗೆ ಚಿಂತೆ.

ನೀನು ಸೈಕಲ್ ತುಳಿಯುವ ಈ ಊರಿನಲ್ಲೇ 1969ರಲ್ಲಿ ಸ್ಟ್ರಾಂಗ್‌ಮನ್ ಮ್ಯಾಗ್ನಸ್ ಸಾಮ್ಯುಯೆಲ್ಸನ್ ಹುಟ್ಟಿದ್ದು. ಲಿಂಕೋಪಿಂಗ್‌ನ ದಕ್ಷಿಣಕ್ಕೆ ಕೀಸಾ ಅಂತ ಒಂದು ಸಣ್ಣ ಊರಿದೆ, ಅವರು ಆ ಕಡೆಯ ರೈತ. ಎರಡು ಮೀಟರ್ ಎತ್ತರದ ಆಳು. ಮೊದಲು ಹೆಸರು ಮಾಡಿದ್ದು ಪಂಜಕುಸ್ತಿಯಲ್ಲಿ, ಅದರಲ್ಲಿ ಯುರೋಪಿನ ಚಾಂಪಿಯನ್ ಆದವರು. 1995ರಲ್ಲೇ ‘ವಿಶ್ವದ ಅತಿ ಬಲಶಾಲಿ’ ಸ್ಪರ್ಧೆಯ ಕಣದಲ್ಲಿದ್ದರು. 1997ರಲ್ಲಿ ಮೂರನೆಯ ಸ್ಥಾನ ಬಂತು. 1998ರಲ್ಲಿ ಮೊರೊಕ್ಕೊದಲ್ಲಿ, ಫಿನ್ಲೆಂಡಿನ ಯೋಕೊ ಅಹೋಲಾ ಅವರನ್ನು ಹಿಂದಿಕ್ಕಿ ಪಟ್ಟ ಗೆದ್ದರು. 2000ದಲ್ಲಿ ಮತ್ತೆ ಮೂರನೆಯವರು, 2004ರಲ್ಲಿ ಮತ್ತೊಮ್ಮೆ ಮೂರನೆಯವರು. ತಮ್ಮಾ, ಎಲ್ಲರೂ 1998ನ್ನು ನೆನೆಯುತ್ತಾರೆ. ನೀನು 2004ನ್ನು ನೆನಪಿಡು. ಪಟ್ಟ ಗೆದ್ದು ಆರು ವರ್ಷವಾದ ಮೇಲೂ ಜಗತ್ತಿನ ಮೊದಲ ಮೂವರಲ್ಲಿ ನಿಲ್ಲಬೇಕಾದರೆ ಆ ಮೈಯನ್ನು ಎಷ್ಟು ಜತನದಿಂದ ಕಾಯ್ದಿರಬೇಕು ಯೋಚಿಸು. 2009ರಲ್ಲಿ ಇದೇ ಮನುಷ್ಯ ಸ್ವೀಡನ್‌ನ ಟಿವಿ ನೃತ್ಯ ಸ್ಪರ್ಧೆ ‘ಲೆಟ್ಸ್ ಡ್ಯಾನ್ಸ್’ ಗೆದ್ದರು. ಮೊಣಕಾಲು, ಬೆನ್ನು ಕಳೆದುಕೊಂಡವರಿಗೆ ಆಗುವ ಕೆಲಸವಲ್ಲ ಅದು.

ಅವರ ಹೆಸರಿನ ಜೊತೆ ಒಂದು ಕಹಿ ಘಟನೆಯೂ ಇದೆ. 1995ರ ಸ್ಪರ್ಧೆಯಲ್ಲಿ ಪಂಜಕುಸ್ತಿಯೂ ಒಂದು ಸುತ್ತಾಗಿತ್ತು. ಎದುರಿಗೆ ಕೂತದ್ದು ಆಸ್ಟ್ರೇಲಿಯಾದ ನೇಥನ್ ಜೋನ್ಸ್, ಮುಂದೆ ಡಬ್ಲ್ಯುಡಬ್ಲ್ಯುಇಯಲ್ಲಿ ಕುಸ್ತಿಪಟುವಾದ ದೈತ್ಯ. ಪಟ್ಟು ನಡೆಯುತ್ತಿರುವಾಗಲೇ ಜೋನ್ಸ್ ಅವರ ತೋಳಿನ ಮೂಳೆ ಮುರಿಯಿತು. ಬಲದಲ್ಲಿ ಅವರು ಕಡಿಮೆಯೇನಿರಲಿಲ್ಲ. ಪಂಜಕುಸ್ತಿಯಲ್ಲಿ ಇಂಥ ಮುರಿತ ಹೇಗಾಗುತ್ತದೆ ಗೊತ್ತೇ? ಮೊಣಕೈ ಮೇಜಿನ ಮೇಲೆ ಊರಿರುತ್ತದೆ, ಅಂಗೈ ಎದುರಾಳಿಯ ಹಿಡಿತದಲ್ಲಿ ಹಿಂದಕ್ಕೆ ಹೋಗುತ್ತಿರುತ್ತದೆ. ಅನುಭವವಿಲ್ಲದವನು ಜೋರು ಹಾಕಲು ಭುಜವನ್ನೂ ಎದೆಯನ್ನೂ ಮುಂದಕ್ಕೆ ತಿರುಗಿಸುತ್ತಾನೆ, ಮುಖವನ್ನು ಕೈಯಿಂದ ಆಚೆ ಹೊರಳಿಸುತ್ತಾನೆ. ತೋಳಿನ ಕೆಳತುದಿ ಒಂದು ಕಡೆ, ಮೇಲ್ತುದಿ ಇನ್ನೊಂದು ಕಡೆ. ನಡುವಿನ ಮೂಳೆ ತಿರುಚಿಕೊಂಡು ಸೀಳುತ್ತದೆ. ಪಳಗಿದವನು ತನ್ನ ಕೈಯನ್ನು ನೋಡುತ್ತಲೇ ಇರುತ್ತಾನೆ, ಭುಜವನ್ನು ಅದರ ಹಿಂದೆಯೇ ಇಟ್ಟುಕೊಳ್ಳುತ್ತಾನೆ. ಆದ್ದರಿಂದ ಯಾವ ಹೊಸ ಸಲಕರಣೆಯನ್ನೂ ಕಲಿಸುವವರಿಲ್ಲದೆ ಮುಟ್ಟಬೇಡ. ಉಸ್ತಾದರ ಅಪ್ಪಣೆಯಿಲ್ಲದೆ ನೀನು ಗರಡಿಯಲ್ಲಿ ಗದೆ ಎತ್ತಿದ್ದಿಲ್ಲ, ಇಲ್ಲೂ ಅದೇ ಶಿಸ್ತು ಇರಲಿ.

ಕುಸ್ತಿಯವರು ಈ ಆಟಕ್ಕೆ ಬರುವುದು ಹೊಸದೇನಲ್ಲ. 1977ರಲ್ಲಿ ‘ವಿಶ್ವದ ಅತಿ ಬಲಶಾಲಿ’ ಮೊದಲ ಸಲ ನಡೆದಾಗ ಮೂರನೆಯ ಸ್ಥಾನ ಪಡೆದ ಕೆನ್ ಪಟೇರಾ ಆಗಲೇ ವೃತ್ತಿಪರ ಕುಸ್ತಿಪಟು. 2002ರಲ್ಲಿ ಮೊದಲ ಆರ್ನಾಲ್ಡ್ ಸ್ಟ್ರಾಂಗ್‌ಮನ್ ಸ್ಪರ್ಧೆ ಗೆದ್ದ ಮಾರ್ಕ್ ಹೆನ್ರಿಯೂ ಕುಸ್ತಿ ರಿಂಗಿನಿಂದ ಬಂದವರೇ. ನಿನ್ನ ಗೆಳೆಯರು ಈ ಹೆಸರುಗಳನ್ನು ಹೇಳಿ ಹುರಿದುಂಬಿಸಿರಬಹುದು. ಅವರು ಹೇಳದ ಮಾತೊಂದಿದೆ. ಇಬ್ಬರೂ ಕುಸ್ತಿಗೆ ಬರುವ ಮೊದಲು ಒಲಿಂಪಿಕ್ಸ್‌ಗೆ ಹೋದ ವೇಟ್‌ಲಿಫ್ಟರ್‌ಗಳು. ಪಟೇರಾ 1972ರಲ್ಲಿ, ಹೆನ್ರಿ 1992 ಮತ್ತು 1996ರಲ್ಲಿ. ಅವರನ್ನು ಗೆಲ್ಲಿಸಿದ್ದು ಕುಸ್ತಿಯ ಬಲವೊಂದೇ ಅಲ್ಲ, ಅದಕ್ಕೂ ಮುಂಚೆ ವರ್ಷಗಟ್ಟಲೆ ಭಾರ ಎತ್ತಿ ಗಟ್ಟಿಯಾದ ಬೆನ್ನು.

ಕುಸ್ತಿಯಲ್ಲಿ ಎದುರಿಗಿರುವವನು ಜೀವಂತ ಎದುರಾಳಿ. ಅವನು ತಳ್ಳಿದರೆ ನೀನು ಎಳೆಯಬಹುದು, ಅವನ ಜೋರನ್ನೇ ಅವನ ಮೇಲೆ ತಿರುಗಿಸಬಹುದು, ದಣಿದರೆ ಒಂದು ಗಳಿಗೆ ಕತ್ತು ಹಿಡಿದು ಸುಧಾರಿಸಿಕೊಳ್ಳಬಹುದು. ಸ್ಟ್ರಾಂಗ್‌ಮನ್ ಸ್ಪರ್ಧೆಯ ಆಟ್ಲಸ್ ಎಂಬ ನೂರೈವತ್ತು ಕೆಜಿಯ ಗುಂಡುಕಲ್ಲು ಬಗ್ಗುವುದೂ ಇಲ್ಲ, ದಣಿಯುವುದೂ ಇಲ್ಲ. ನಿನಗೆ ಹಿಡಿತವಿದೆ, ಕತ್ತಿದೆ, ಸೊಂಟವಿದೆ. ಸೋಲುವ ಗಳಿಗೆಯಲ್ಲೂ ಬಿಡದ ಛಲವಿದೆ. ಇದೆಲ್ಲ ಗರಡಿ ಕೊಟ್ಟ ಆಸ್ತಿ. ನಿನ್ನಲ್ಲಿ ಇನ್ನೂ ಇಲ್ಲದಿರುವುದು ಜಡ ಭಾರವನ್ನು ತಾಳುವ ಸ್ನಾಯುರಜ್ಜು. ಮಾಂಸಖಂಡ ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ, ಅದನ್ನು ಮೂಳೆಗೆ ಕಟ್ಟಿದ ರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ಅಂತರದಲ್ಲೇ ಹುಡುಗರು ಹಾಳಾಗುವುದು. ಕಲ್ಲನ್ನು ತಬ್ಬಿ ಮಡಿಲಿಗೆ ತಂದುಕೊಳ್ಳುವಾಗ ಆತುರಪಟ್ಟು ತೋಳು ಮಡಚಿ ಎಳೆದರೆ, ಅಥವಾ ದೊಡ್ಡ ಟೈರ್ ಮಗುಚುವಾಗ ಕೈಬಲದಿಂದಲೇ ಎತ್ತಲು ಹೋದರೆ, ಮುಂದೋಳಿನ ಹತ್ತಿರ ಬೈಸೆಪ್ಸ್ ರಜ್ಜು ಹರಿದು ಮಾಂಸ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ. ತೋಳು ನೆಟ್ಟಗಿರಲಿ, ಎತ್ತುವುದು ಕಾಲು ಮತ್ತು ಸೊಂಟ.

ನಮ್ಮ ಕಡೆಯೂ ಈ ವಿದ್ಯೆ ಇತ್ತಲ್ಲ! ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಇವತ್ತಿಗೂ ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ಗುಡಿಯ ಮುಂದೆ ಗುಂಡುಕಲ್ಲು ಬಿದ್ದಿರುತ್ತದೆ. ಐಸ್‌ಲೆಂಡಿನ ಹೂಸಾಫೆಲ್‌ನಲ್ಲಿ 186 ಕೆಜಿಯ ಒಂದು ಕಲ್ಲಿದೆ, ಜಗತ್ತಿನ ಬಲಶಾಲಿಗಳು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಎರಡು ಕಡೆಯೂ ಕ್ರಮ ಒಂದೇ: ಮೊದಲು ಸಣ್ಣ ಕಲ್ಲು, ಅದು ಕೈಗೆ ಬಂದ ಮೇಲೆ ದೊಡ್ಡದು. ನೀನೂ ಎರಡು ವರ್ಷ ಸಣ್ಣ ಕಲ್ಲಿನ ಜೊತೆ ಇರು. ಸ್ಪರ್ಧೆ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಹೇಳಲೇಬೇಕಾದ ಮಾತು. ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್ ತೋರಿಸಿದರೆ, ಮಾತ್ರೆ ಕೊಟ್ಟರೆ, ಅಲ್ಲಿಂದ ಎದ್ದು ಬಾ. ಆರೋಗ್ಯದ ಮಾತು ಹಾಗಿರಲಿ, ಸ್ವೀಡನ್‌ನಲ್ಲಿ 1999ರಿಂದ ಸ್ಟೆರಾಯ್ಡ್ ಮಾರುವುದಷ್ಟೇ ಅಲ್ಲ, ಸ್ವಂತಕ್ಕೆ ಬಳಸುವುದೂ ಕಾನೂನಿನ ಪ್ರಕಾರ ಅಪರಾಧ. ಪರದೇಶಕ್ಕೆ ಓದಲು ಬಂದ ಹುಡುಗ ಪೊಲೀಸರ ಮುಂದೆ ನಿಲ್ಲುವುದನ್ನು ನೋಡುವ ಸ್ಥಿತಿ ನಿಮ್ಮಮ್ಮನಿಗೆ ತರಬೇಡ.

ತೂಕವನ್ನೂ ಒಮ್ಮೆಲೇ ಏರಿಸಬೇಡ, ಅದರ ಹೊರೆ ಹೃದಯದ ಮೇಲೂ ಬೀಳುತ್ತದೆ. ಐಸ್‌ಲೆಂಡಿನ ಯೋನ್ ಪೌಲ್ ಸಿಗ್ಮಾರ್ಸನ್ ನಾಲ್ಕು ಬಾರಿ ವಿಶ್ವದ ಅತಿ ಬಲಶಾಲಿಯಾದವರು. 1993ರ ಜನವರಿಯಲ್ಲಿ ತಮ್ಮದೇ ಜಿಮ್‌ನಲ್ಲಿ ಭಾರ ಎತ್ತುತ್ತಿರುವಾಗ ಕುಸಿದು ತೀರಿಕೊಂಡರು. ವಯಸ್ಸು 32. ಅಮೆರಿಕದ ಜೆಸ್ಸಿ ಮರುಂಡೆ 2007ರಲ್ಲಿ ವ್ಯಾಯಾಮದ ಹೊತ್ತಿನಲ್ಲೇ ಹೋದಾಗ ಅವರಿಗೆ 27. ಮರುಂಡೆ ಅವರ ಸಾವಿಗೆ ಹುಟ್ಟಿನಿಂದಲೇ ಬರುವ ಹೃದಯದ ದೋಷ ಕಾರಣವಾಗಿತ್ತು. ಹೊರಗಿನಿಂದ ನೋಡಿದರೆ ಅಂಥ ಗಟ್ಟಿಮುಟ್ಟು ಆಳುಗಳಲ್ಲಿ ರೋಗದ ಸುಳಿವೇ ಕಾಣುವುದಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ನೀನು ತಿಳಿದಿರಬೇಕು.

ಓದು ಬಿಡಬೇಡ. ಸಾಮ್ಯುಯೆಲ್ಸನ್ ಅವರಿಗೆ ಹೊಲವಿತ್ತು. ಗೆದ್ದರೂ ಸೋತರೂ ಮರಳಿ ಹೋಗಲು ಒಂದು ಬದುಕಿತ್ತು. ನಿನಗೆ ಆ ಹೊಲ ನಿನ್ನ ಡಿಗ್ರಿ. ಈ ಆಟದಲ್ಲಿ ಹೊಟ್ಟೆ ಹೊರೆಯುವಷ್ಟು ದುಡಿಯುವವರು ಜಗತ್ತಿನಲ್ಲೇ ಬೆರಳೆಣಿಕೆಯವರು.

ಈ ವಾರವೇ ಇಲ್ಲಿನ ಆರೋಗ್ಯ ಸಲಹೆಯ ಸಂಖ್ಯೆ 1177ಕ್ಕೆ ಫೋನು ಮಾಡು. ನಿನ್ನ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಭೇಟಿಗೆ ಸಮಯ ಕೇಳು. ಭಾರ ಎತ್ತುವ ಸ್ಪರ್ಧೆಗೆ ಇಳಿಯುತ್ತಿದ್ದೇನೆ ಎಂದು ಮುಚ್ಚಿಡದೆ ಹೇಳು, ಮನೆತನದಲ್ಲಿ ಯಾರಾದರೂ ಹೃದಯದ ತೊಂದರೆಯಿಂದ ಚಿಕ್ಕ ವಯಸ್ಸಿನಲ್ಲಿ ಹೋಗಿದ್ದರೆ ಅದನ್ನೂ ಹೇಳು, ಇಸಿಜಿ ಮಾಡಿಸಲು ಕೇಳಿಕೋ. ಫಲಿತಾಂಶ ಬಂದ ದಿನ ಮೊದಲು ನಿಮ್ಮಪ್ಪನಿಗೆ ತಿಳಿಸು, ಆಮೇಲೆ ನನಗೆ. ಅದು ಚೆನ್ನಾಗಿದ್ದರೆ ನಿನ್ನ ಮೊದಲ ಸ್ಪರ್ಧೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.